'ಬಿದ್ದ' ಅಂತ ಬರೆಸಿದವರು ಯಾರು?

ನಾನು ಬ್ಯಾಂಕಿನವನು. ಮುಂಬಯಿಗೆ ಬಂದು ಮೂವತ್ತೆರಡು ವರ್ಷ ಆಯ್ತು, ಅಷ್ಟೂ ವರ್ಷ ವೋಚರುಗಳ ಮಧ್ಯೆಯೇ ಕಳೆದದ್ದು. ನಮ್ಮಲ್ಲಿ ನೂರು ರೂಪಾಯಿ ಡೆಬಿಟ್ ಮಾಡಬೇಕಿದ್ದರೂ ಪಕ್ಕದಲ್ಲಿ ನರೇಶನ್ ಬೇಕು. ಯಾತಕ್ಕೆ, ಯಾರು ಹೇಳಿದ್ದು, ಯಾರು ಪಾಸ್ ಮಾಡಿದ್ದು ಅಂತ ಇಲ್ಲದಿದ್ದರೆ ಆಡಿಟರ್ ಬಿಡುವುದಿಲ್ಲ. ಒಬ್ಬ ಮನುಷ್ಯನ ಕಾಲು ಮುರಿದು ಆಸ್ಪತ್ರೆಗೆ ಬಂದಾಗ ಮಾತ್ರ ಈ ನಿಯಮ ಯಾರಿಗೂ ನೆನಪಾಗುವುದಿಲ್ಲ, ನೋಡಿ!

ವಿಷಯಕ್ಕೆ ಬರುತ್ತೇನೆ. ಭಾಂಡೂಪಿನಲ್ಲಿ ನಾನು ದಿನಾ ಚಾ ಕುಡಿಯುವ ಹೋಟೆಲಿನಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ ಇದ್ದ. 2023ರ ಒಂದು ಬೆಳಗಿನ ಜಾವ ಸೈಕಲ್ಲಿನಲ್ಲಿ ಹಾಲು ತರಲಿಕ್ಕೆ ಹೋದವನಿಗೆ ಹಿಂದಿನಿಂದ ಟೆಂಪೊ ಗುದ್ದಿತು. ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದವು. ಟೆಂಪೊದವನೇ ಎತ್ತಿಕೊಂಡು ಆಸ್ಪತ್ರೆಗೆ ಹಾಕಿದ. (ಅಷ್ಟಾದರೂ ಮಾಡಿದ ಅನ್ನಿ.) ಕ್ಯಾಶುಯಲ್ಟಿಯಲ್ಲಿ ಏನಾಯ್ತು ಅಂತ ಕೇಳಿದ್ದಕ್ಕೆ "ಸೈಕಲ್ ಸೆ ಗಿರ್ ಗಯಾ" ಅಂದು ಮಾಯವಾದ. ಡಾಕ್ಟರು ಹಾಗೇ ಬರೆದರು: ಸೈಕಲ್ಲಿನಿಂದ ಬಿದ್ದ ಹಿಸ್ಟರಿ. ಬಿದ್ದವನು ಅಂದಮೇಲೆ ಎಂಎಲ್‌ಸಿ ಯಾಕೆ? ಪೊಲೀಸರಿಗೆ ತಿಳಿಸುವುದು ಯಾಕೆ?

ಹುಡುಗ ಹೇಳುವುದು ಹೀಗೆ: "ಹ್ವಾಯ್, ಟೆಂಪೊ ಬಂದ್ ಗುದ್ತ್, ನಾನ್ ಬಿದ್ದೆ ಅಂತ ಹೇಳಿದ್ದೆ. ಅವ್ರಿಗೆ 'ಬಿದ್ದೆ' ಒಂದೇ ಕೇಂಡದ್ದ್ ಕಾಣತ್ತ್." ಅವನ ಹಿಂದಿ ಎಷ್ಟು, ನೋವಿನಲ್ಲಿ ಅದರಲ್ಲಿ ಉಳಿದದ್ದು ಎಷ್ಟು, ನೀವೇ ಯೋಚಿಸಿ. ನಮ್ಮಲ್ಲಿ ಊರು ಬಿಟ್ಟು ಬಂದವರೆಲ್ಲ ಮೊದಲ ವರ್ಷ ಹೀಗೇ ಇದ್ದವರಲ್ಲವೇ?

ಹಾಲಿನ ಅಂಗಡಿಯವನು ಟೆಂಪೊ ನಂಬರು ನೋಡಿದ್ದ. ಎಫ್‌ಐಆರ್ ಆಗುವಾಗ 11 ದಿನ ಕಳೆದಿತ್ತು. ಕ್ಲೇಮ್ ಟ್ರಿಬ್ಯೂನಲ್‌ನಲ್ಲಿ ವಿಮಾ ಕಂಪನಿ ವಕೀಲರು ಬೇರೆ ಏನೂ ವಾದ ಮಾಡಲಿಲ್ಲ, ಆ ಒಂದು ಸಾಲನ್ನು ಓದಿದರು. ಬಿದ್ದವನಿಗೆ ಆಮೇಲೆ ಟೆಂಪೊ ಹುಡುಕಿ ತಂದಿದ್ದಾರೆ ಅಂದರು. ಕೊನೆಗೆ ಲೋಕ ಅದಾಲತ್‌ನಲ್ಲಿ ಕೇಳಿದ್ದರ ಕಾಲು ಭಾಗಕ್ಕೆ ರಾಜಿಯಾಯಿತು.

ಸುಳ್ಳು ಕ್ಲೇಮುಗಳು ಇಲ್ಲ ಅಂತ ನಾನು ಹೇಳುವುದಿಲ್ಲ. ಬೇಕಾದಷ್ಟಿವೆ. ಆದ್ದರಿಂದಲೇ ಮೊದಲ ಕಾಗದಕ್ಕೆ ಅಷ್ಟು ತೂಕ. ಅಷ್ಟು ತೂಕದ ಕಾಗದದಲ್ಲಿ ಹಿಸ್ಟರಿ ಹೇಳಿದವರು ಯಾರು ಅನ್ನುವುದೇ ಇರುವುದಿಲ್ಲ! ಗುದ್ದಿದವನ ಮಾತು ಗುದ್ದಿಸಿಕೊಂಡವನ ಹೆಸರಿನಲ್ಲಿ ದಾಖಲಾಗುತ್ತದೆ. ನಮ್ಮ ಬ್ಯಾಂಕಿನಲ್ಲಿ ಹೀಗೆ ಮಾಡಿದರೆ ಅದಕ್ಕೆ ಫೋರ್ಜರಿ ಅನ್ನುತ್ತೇವೆ.

ಇದಕ್ಕೆ ವ್ಯವಸ್ಥೆ ಇಲ್ಲವೇ? ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಗಾಯಕ್ಕೆ ಒಂದು ಸಂಕೇತ, ಗಾಯದ ಕಾರಣಕ್ಕೆ ಇನ್ನೊಂದು. ಕೆಳಗಾಲಿನ ಮುರಿತ ಅಂದರೆ ಎಸ್ 82. ಸೈಕಲ್ಲಿನವನಿಗೆ ಕಾರು, ಪಿಕಪ್, ವ್ಯಾನ್ ಗುದ್ದಿದರೆ ವಿ 13. ನಡೆದುಹೋಗುವವನಿಗೆ ಅದೇ ವಾಹನ ಗುದ್ದಿದರೆ ವಿ 03. ಎರಡನ್ನೂ ಜೋಡಿಯಾಗಿ ಬರೆಯಬೇಕು. ನಮ್ಮ ಡೆಬಿಟ್-ಕ್ರೆಡಿಟ್ ಇದ್ದ ಹಾಗೆ. ಆದರೆ ಹುಡುಗನ ಡಿಸ್ಚಾರ್ಜ್ ಕಾರ್ಡಿನಲ್ಲಿ ಎಸ್ ಮಾತ್ರ ಇತ್ತು, ವಿ ಇಲ್ಲ. ಎಲುಬು ತನ್ನಷ್ಟಕ್ಕೆ ಮುರಿಯಿತು ಅಂತಲೋ ಏನೋ.

ತಮಾಷೆ ಏನು ಗೊತ್ತೇ? ಇದೇ ಕೋಡಿಂಗ್ ಕೆಲಸಕ್ಕೆ ಚೆನ್ನೈ, ಹೈದರಾಬಾದ್, ಬೆಂಗಳೂರು, ಮುಂಬಯಿಗಳಲ್ಲಿ ನಮ್ಮ ಹುಡುಗ ಹುಡುಗಿಯರು ಸಾವಿರಗಟ್ಟಲೆ ಕೂತಿದ್ದಾರೆ, ಅಮೆರಿಕದ ರೋಗಿಗಳಿಗಾಗಿ. 2015ರ ಅಕ್ಟೋಬರಿನಿಂದ ಅಲ್ಲಿ ಬಳಸುವ ಪಟ್ಟಿಯಲ್ಲಿ ಬಾತುಕೋಳಿ ಬಡಿದರೂ ಒಂದು ಸಂಕೇತ ಇದೆ, ಡಬ್ಲ್ಯು 61.62. ಅಮೆರಿಕದ ಬಾತುಕೋಳಿಗೆ ಇರುವ ದಾಖಲೆ ಭಾಂಡೂಪಿನ ಟೆಂಪೊಗೆ ಇಲ್ಲ.

ಡಾಕ್ಟರುಗಳ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತ ಹುಡುಗ ರಕ್ತ ನಿಲ್ಲಿಸುತ್ತಾನೋ, ಕಾದಂಬರಿ ಬರೆಯುತ್ತಾನೋ? ಕಾದಂಬರಿ ಬೇಡ ಸ್ವಾಮಿ. ರಕ್ತ ನಿಂತ ಮೇಲೆ ನಾಲ್ಕು ಸಂಗತಿ ಬರೆಯಿರಿ ಸಾಕು: ಗಾಯಾಳು ನಡೆಯುತ್ತಿದ್ದನೋ, ಸವಾರನೋ, ಗುದ್ದಿದ್ದು ಏನು, ಕರೆತಂದವರು ಯಾರು, ಇದನ್ನು ಹೇಳಿದವರು ಯಾರು. ಒಂದು ನಿಮಿಷದ ಕೆಲಸ.

ಇನ್ನೊಂದು ಜಗಳ ನನ್ನದು ತಿದ್ದುಪಡಿ ಬಗ್ಗೆ. ನಾಲ್ಕನೇ ದಿನ ಹೋಟೆಲಿನವರು ಹೋಗಿ ಕೇಳಿದಾಗ "ಬರೆದದ್ದನ್ನು ಬದಲಾಯಿಸುವ ಹಾಗಿಲ್ಲ" ಅಂದರಂತೆ. ಸರಿ, ಬದಲಾಯಿಸಬಾರದು. ನಾವೂ ತಪ್ಪು ಎಂಟ್ರಿಯನ್ನು ಅಳಿಸುವುದಿಲ್ಲ. ಹಾಗಂತ ತಪ್ಪನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತೇವಾ? ಕೆಳಗೆ ತಾರೀಖು ಹಾಕಿ ರಿವರ್ಸಲ್ ಎಂಟ್ರಿ ಹಾಕಿ ಸಹಿ ಮಾಡುತ್ತೇವೆ. "ರೋಗಿ ಈಗ ಹೀಗೆ ಹೇಳುತ್ತಾನೆ" ಅಂತ ಹೊಸ ಸಾಲು ಬರೆದು ಪೊಲೀಸರಿಗೆ ತಿಳಿಸಲಿಕ್ಕೆ ಏನು ತೊಂದರೆ ಇತ್ತು? ನಂಬುವುದು ಬಿಡುವುದು ಟ್ರಿಬ್ಯೂನಲ್‌ನ ಕೆಲಸ, ಡಾಕ್ಟರದ್ದಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಗಾಯಗೊಂಡವರು 4,43,366 ಜನ ಅಂತ ಕೇಂದ್ರ ಸಾರಿಗೆ ಇಲಾಖೆ ಲೆಕ್ಕ ಕೊಟ್ಟಿದೆ. ಅದು ಪೊಲೀಸರಿಂದ ಬಂದ ಲೆಕ್ಕ. ನಮ್ಮ ಹುಡುಗನ ಹಾಗೆ 'ಬಿದ್ದವರು' ಪೊಲೀಸರ ತನಕ ಹೋಗದಿದ್ದರೆ ಅದರಲ್ಲಿ ಸೇರುವುದು ಹೇಗೆ? 2025ರ ಮೇ ತಿಂಗಳಲ್ಲಿ ಸರಕಾರ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು, ಏಳು ದಿನಗಳ ತನಕ ಒಂದೂವರೆ ಲಕ್ಷ ರೂಪಾಯಿ. ಒಳ್ಳೆಯದೇ. ಆದರೆ ಅದು ಮೋಟಾರು ವಾಹನದ ಅಪಘಾತಕ್ಕೆ ಮಾತ್ರ. ಕೇಸ್ ಪೇಪರಿನಲ್ಲಿ 'ಬಿದ್ದ' ಅಂತ ಇದ್ದರೆ ಆ ದುಡ್ಡೂ ಕಷ್ಟವೇ.

ಹಾಗಾಗಿ ಮುಂಬಯಿ, ಪುಣೆಯಲ್ಲಿರುವ ನಮ್ಮವರಲ್ಲಿ ಒಂದು ಮಾತು. ಊರಿನ ಹುಡುಗ ಯಾರಾದರೂ ಆಸ್ಪತ್ರೆ ಸೇರಿದ ಅಂತ ಫೋನು ಬಂದರೆ ಹಣ್ಣು ಆಮೇಲೆ ಒಯ್ಯಿರಿ, ಮೊದಲು ಕೇಸ್ ಪೇಪರ್ ಕೇಳಿ ಓದಿ. ಅವನು ಕನ್ನಡದಲ್ಲಿ ಹೇಳಿದ್ದನ್ನು ಡಾಕ್ಟರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿ ಬರೆಸಿ, ಎಂಎಲ್‌ಸಿ ನಂಬರು ಕೇಳಿ, ಆ ಹಾಳೆಯ ಫೋಟೋ ತೆಗೆದುಕೊಂಡೇ ಹೊರಡಿ.