ದೋಣಿಯ ಮಾತು ಅನಂತರದ್ದು

ಅಹಮದಾಬಾದಿನ ಸಾಬರಮತಿಯಲ್ಲಿ 2023ರ ಜುಲೈನಲ್ಲಿ ತೇಲುವ ಭೋಜನಶಾಲೆಯೊಂದು ಆರಂಭವಾಯಿತು. ಎರಡು ಅಂತಸ್ತಿನ ಹಡಗು, ದೀಪಾಲಂಕಾರ, ಸಂಗೀತ, ರಾತ್ರಿಯ ಔತಣ. ಆದರೆ ಆ ಹಡಗನ್ನು ಹೊತ್ತ ನೀರು ಸಾಬರಮತಿಯದಲ್ಲ. ಕಾಲುವೆಯಲ್ಲಿ ತಂದು ವಾಸಣಾ ಬ್ಯಾರೇಜಿನಲ್ಲಿ ತಡೆದು ನಿಲ್ಲಿಸಿದ ನರ್ಮದೆಯದು. ಬ್ಯಾರೇಜಿನ ಕೆಳಗೆ ನಗರದ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ. ಈ ದುಃಸ್ಥಿತಿಯ ಬಗ್ಗೆ ಗುಜರಾತ್ ಹೈಕೋರ್ಟ್ 2021ರಲ್ಲಿಯೇ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತ್ತು.

ಅರ್ಕಾವತಿಯ ದಡಕ್ಕೂ ಇಂಥ ವೈಭವ ಬರಲೆಂದು ಬಯಸುವವರು ಮೊದಲು ನದಿಯ ಪಾಡನ್ನು ಅರಿಯಬೇಕು. ನಂದಿಬೆಟ್ಟದಲ್ಲಿ ಹುಟ್ಟಿ ಮಾಗಡಿ, ರಾಮನಗರ, ಕನಕಪುರ ಸೀಮೆಗಳನ್ನು ಹಾಯುವ ಈ ನದಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಪೂರ್ಣಗೊಂಡ ಜಲಾಶಯವು ಬೆಂಗಳೂರಿಗೆ ದಶಕಗಳ ಕಾಲ ಕುಡಿಯುವ ನೀರನ್ನಿತ್ತಿತು. ಬೆಂಗಳೂರು ಹಿಂತಿರುಗಿಸಿದ್ದೇನು? ವೃಷಭಾವತಿಯ ತುಂಬ ಕೊಳಚೆ. ಬಿಡದಿ ಬಳಿಯ ಬೈರಮಂಗಲ ಕೆರೆಯಲ್ಲಿ ನೊರೆಯೆದ್ದ ಆ ನೀರು ರೈತರ ಹೊಲ, ತೋಟ, ಬಾವಿಗಳನ್ನು ಹೊಕ್ಕು ಅರ್ಕಾವತಿಯನ್ನು ಸೇರುತ್ತದೆ. ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ.

ಮೂಗು ಮುಚ್ಚಿಕೊಂಡು ಉಣ್ಣುವ ಹಬ್ಬವುಂಟೆ? ಅತಿಥಿಗಳಿಗೆ ವಾಸನೆ ತಾಗದಂತೆ ಒಂದು ಮೈಲಿಯ ನೀರನ್ನು ತಿಳಿಯಾಗಿಸಬಹುದು. ಅದರ ಕೆಳಗಿನ ಹಳ್ಳಿಗೆ ಉತ್ತರವೇನು? ಉದ್ಯೋಗ ದೊರೆಯುತ್ತದೆಂಬ ವಾದವುಂಟು. ನದಿ ಶುದ್ಧವಾದರೆ ಚೇತರಿಸುವ ಬೇಸಾಯ, ಹೈನುಗಾರಿಕೆ, ಮೀನುಗಾರಿಕೆಗಳು ಉದ್ಯೋಗವಲ್ಲವೆ?

ಬೆಂಗಳೂರಿನ ಕೊಳಚೆ ಬೆಂಗಳೂರಿನಲ್ಲಿಯೇ ಶುದ್ಧವಾಗಲಿ. ನದಿಗೆ ಹರಿದುಬರುವ ಹಳ್ಳಗಳು ಒತ್ತುವರಿಯಿಂದ ಬಿಡುಗಡೆ ಹೊಂದಲಿ. ದನಕರುಗಳು ನಿರ್ಭಯವಾಗಿ ಬಾಯಿಡುವ ನೀರು ಅರ್ಕಾವತಿಯಲ್ಲಿ ಹರಿಯಲಿ. ದೋಣಿಯ ಮಾತು ಅನಂತರದ್ದು.