ಸ್ಪಾನ್ಸರ್ ಎಂಬ ಹೊಸ ಮೇಸ್ತ್ರಿ

ನಮ್ಮ ಕಡೆ ಸ್ಪಾನ್ಸರ್ ಅಂದರೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ದುಡ್ಡು ಕೊಟ್ಟವನು. ಫ್ಲೆಕ್ಸಿನ ಮೂಲೆಯಲ್ಲಿ ಕೈಮುಗಿದು ನಗುತ್ತಿರುತ್ತಾನೆ. ಕಬಡ್ಡಿ ಟೂರ್ನಮೆಂಟಿಗೆ ಟೀಶರ್ಟು ಹೊಲಿಸಿಕೊಟ್ಟವನು, ಜಾತ್ರೆಯ ದಿನ ಮಜ್ಜಿಗೆ ಪಾನಕ ಹಂಚಿಸಿದವನು. ಒಟ್ಟಿನಲ್ಲಿ ಕೊಡುವವನು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು: "ನಮ್ಮ ಹುಡುಗಂಗೆ ಸ್ಪಾನ್ಸರ್ ಸಿಕ್ತು ಕಣಕ್ಕ, ಅಂತೂ ದೇವ್ರು ಕಣ್ಬಿಟ್ಟ." ಕೆಲಸ ಸಿಕ್ಕಿತು ಎಂದು ಅವರು ಹೇಳಲಿಲ್ಲ. ಸ್ಪಾನ್ಸರ್ ಸಿಕ್ಕಿತು ಎಂದರು. ವರ ಸಿಕ್ಕ ಹಾಗೆ.

ನನ್ನ ಜಗಳ ಇರುವುದು ಈ ಪದದ ಜೊತೆಗೇ. ದುಡಿಯುವವನು ತನ್ನ ದುಡಿಮೆ ಮಾರುತ್ತಾನೆ, ಕೊಳ್ಳುವವನು ಸಂಬಳ ಕೊಡುತ್ತಾನೆ. ಇದರಲ್ಲಿ ದಾನಿ ಎಲ್ಲಿಂದ ಬಂದ? ಅಮೆರಿಕದ ಎಚ್-1ಬಿ ಅರ್ಜಿಯನ್ನೇ ನೋಡಿ. ಅರ್ಜಿದಾರ ಕಂಪನಿ. ಇಲ್ಲಿ ಹಾಸನದಲ್ಲಿ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಐದು ವರ್ಷ ಕೀಬೋರ್ಡು ಸವೆಸಿದ ಹುಡುಗನನ್ನು ಆ ಅರ್ಜಿ ಕರೆಯುವ ಹೆಸರು 'ಫಲಾನುಭವಿ'. ನಮ್ಮಲ್ಲಿ ಆಶ್ರಯ ಮನೆ, ಪಡಿತರ ಚೀಟಿಗೆ ಬಳಸುವ ಅದೇ ಪದ. ದೇಶ ಬಿಟ್ಟು ಹೋಗುವುದು ಅವನ ಬದುಕಾದರೂ ಅದನ್ನು ಕೇಳುವ ಹಕ್ಕು ಅವನದಲ್ಲ. ಕಂಪನಿ ಕೇಳಬೇಕು, ಮಾರ್ಚಿಯ ಲಾಟರಿಯಲ್ಲಿ ಅವನ ಹೆಸರು ಏಳಬೇಕು, ವರ್ಷಕ್ಕೆ 65,000 ಜಾಗ, ಅಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೊಂದು 20,000. ಕಂಪನಿ ಕೆಲಸದಿಂದ ತೆಗೆದರೆ ಅವನಿಗಿರುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಬ್ಬ ಅರ್ಜಿದಾರ ಸಿಗಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು, ಅದೂ ಇಲ್ಲದಿದ್ದರೆ ಮನೆ, ಕಾರು, ಮಗುವಿನ ಶಾಲೆ ಎಲ್ಲವನ್ನೂ ಮಡಚಿಟ್ಟು ವಿಮಾನ ಹತ್ತಬೇಕು.

ಇಂಗ್ಲೆಂಡಿನದು ಇನ್ನೂ ನೇರ. ಅಲ್ಲಿ ಉದ್ಯೋಗದಾತ ಮೊದಲು ಸರ್ಕಾರದಿಂದ ಸ್ಪಾನ್ಸರ್ ಲೈಸೆನ್ಸ್ ಪಡೆಯಬೇಕು. ಆ ಲೈಸೆನ್ಸಿನ ಬಲದಿಂದ ಕೆಲಸಗಾರನಿಗೆ ಒಂದು ಸರ್ಟಿಫಿಕೇಟು ಕೊಡುತ್ತಾನೆ. ಸರ್ಟಿಫಿಕೇಟು ಅಂದರೂ ಅದೊಂದು ನಂಬರು ಅಷ್ಟೆ. ಆ ನಂಬರಿನ ಮೇಲೆ ವೀಸಾ. ಪ್ರತಿಯಾಗಿ ಧಣಿ ಸರ್ಕಾರದ ಕಣ್ಣಾಗಿ ಕೆಲಸ ಮಾಡಬೇಕು. ಕೆಲಸಗಾರ ಹೇಳದೆ ಕೇಳದೆ ಸತತವಾಗಿ ಹತ್ತಕ್ಕಿಂತ ಹೆಚ್ಚು ಕೆಲಸದ ದಿನ ಬರದಿದ್ದರೆ ಗೃಹ ಇಲಾಖೆಗೆ ವರದಿ ಮಾಡಬೇಕು. ಸಂಬಳ ಕೊಡುವವನೇ ಪೊಲೀಸ್ ಪಟೇಲ.

ಹಾಸನದಲ್ಲಿ ನರ್ಸಿಂಗ್ ಓದಿದ ನನ್ನ ಶಾಲಾ ದಿನಗಳ ಗೆಳತಿಯೊಬ್ಬಳು 2023ರ ಮಳೆಗಾಲದಲ್ಲಿ ಇಂಥದೊಂದು ನಂಬರಿನ ಮೇಲೆ ಇಂಗ್ಲೆಂಡಿಗೆ ಹೋದಳು. ನರ್ಸಾಗಿ ಅಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಆಗಿ. ಆ ಕೆಲಸವನ್ನು 2022ರ ಫೆಬ್ರವರಿಯಲ್ಲಿ ವೀಸಾ ಪಟ್ಟಿಗೆ ಸೇರಿಸಿದ್ದರು. ಅವಳ ಅಪ್ಪ ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ರೈತ. ಏಜೆಂಟನಿಗೆ ಕೊಟ್ಟದ್ದು 14 ಲಕ್ಷ. ಎರಡು ಎಕರೆ ಅಡ, ಅಮ್ಮನ ಸರ, ಅತ್ತಿಗೆಯ ಬಳೆ, ಉಳಿದದ್ದು ಬಡ್ಡಿಗೆ. ಆಗ ಅಲ್ಲಿನ ಉದ್ಯೋಗದಾತ ಒಂದು ಸರ್ಟಿಫಿಕೇಟಿಗೆ ತನ್ನ ಸರ್ಕಾರಕ್ಕೆ ಕಟ್ಟುತ್ತಿದ್ದದ್ದು 199 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ. ನಮ್ಮ ದೇಶದ ನಿಯಮದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30 ಸಾವಿರ ಮತ್ತು ಜಿಎಸ್‌ಟಿ. ಇವಳ ಏಜೆಂಟ್ ನೋಂದಾಯಿತನೂ ಅಲ್ಲ, ಬೋರ್ಡಿನಲ್ಲಿ 'ಸಲಹೆಗಾರ'. ಸಲಹೆಗೆ ಮಿತಿ ಎಲ್ಲಿದೆ?

ಹೋದ ಮೇಲೆ ವಾರಕ್ಕೆ 39 ಗಂಟೆ ಎಂದಿದ್ದದ್ದು 16ಕ್ಕೆ ಇಳಿಯಿತು. ಕೇಳಿದರೆ ಮ್ಯಾನೇಜರನಿಂದ ಒಂದೇ ಉತ್ತರ: ಇಷ್ಟವಿಲ್ಲದಿದ್ದರೆ ಸ್ಪಾನ್ಸರ್ ಹಿಂತೆಗೆಯುತ್ತೇವೆ. ಗಮನಿಸಿ, ಕೆಲಸದಿಂದ ತೆಗೆಯುತ್ತೇವೆ ಎಂದಲ್ಲ. ಕೆಲಸದಿಂದ ತೆಗೆಯುವ ಬೆದರಿಕೆಗೆ ಹೆದರದವರೂ ಈ ಮಾತಿಗೆ ಹೆದರುತ್ತಾರೆ. ಮರುವರ್ಷ ಆ ಸಂಸ್ಥೆಯ ಲೈಸೆನ್ಸನ್ನೇ ಸರ್ಕಾರ ರದ್ದು ಮಾಡಿತು. ತಪ್ಪು ಸಂಸ್ಥೆಯದು. ಅರವತ್ತು ದಿನದ ಕಾಗದ ಬಂದದ್ದು ಇವಳಿಗೆ. ಆ ರಾತ್ರಿ ಫೋನಿನಲ್ಲಿ ಅಳುತ್ತಾ ಅವಳು ಕೇಳಿದ್ದು ಒಂದೇ, "ಮನೇಲಿ ಹೇಳ್ಬೇಡ ಕಣೋ."

ನಾನು ಸಂಶೋಧನೆ ಮಾಡುತ್ತಿರುವುದು ಕಾಫಿ ತೋಟದ ಕೂಲಿಗಳ ಚರಿತ್ರೆಯ ಮೇಲೆ. ಸಕಲೇಶಪುರ ಸೀಮೆಯಲ್ಲಿ, ಹಳೆಯ ದಾಖಲೆಗಳ ಮಂಜರಾಬಾದಿನಲ್ಲಿ, ಹತ್ತೊಂಬತ್ತನೇ ಶತಮಾನದ ನಡುವಿನಿಂದ ಯುರೋಪಿಯನ್ ತೋಟಗಾರರು ಕಾಫಿ ಹಾಕಿದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬಾತ ಪುಸ್ತಕಗಳನ್ನೇ ಬರೆದ. ತೋಟಕ್ಕೆ ಆಳು ಬೇಕಲ್ಲ? ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳು ತರುತ್ತಿದ್ದವನು ಮೇಸ್ತ್ರಿ. ದೊರೆಯಿಂದ ಮುಂಗಡ ತಂದು ಊರಲ್ಲಿ ಹಂಚುತ್ತಿದ್ದ. ಮುಂಗಡ ಮುಟ್ಟಿದವನು ಆ ತೋಟಕ್ಕೇ ಬರಬೇಕು, ಪಕ್ಕದ ತೋಟದಲ್ಲಿ ಎರಡು ಕಾಸು ಹೆಚ್ಚು ಕೊಟ್ಟರೂ ಹೋಗುವಂತಿಲ್ಲ. ಬ್ರಿಟಿಷ್ ಸರ್ಕಾರ 1859ರಲ್ಲಿ ಮಾಡಿದ ಕರಾರು ಭಂಗದ ಕಾಯ್ದೆಯ ಪ್ರಕಾರ ಮುಂಗಡ ತಿಂದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟ್ ಜೈಲಿಗೆ ಕಳಿಸಬಹುದಿತ್ತು. ಕರಾರು ಮುರಿಯುವುದು ಸಿವಿಲ್ ತಕರಾರು, ಆದರೆ ಕೂಲಿ ಮುರಿದರೆ ಮಾತ್ರ ಅಪರಾಧ. ಆ ಕಾಯ್ದೆಯನ್ನು ತೆಗೆದುಹಾಕಲು 1925ರವರೆಗೆ ಕಾಯಬೇಕಾಯಿತು.

ಈ ಕಡತಗಳನ್ನು ಓದುತ್ತಾ ಕೂತಿದ್ದ ದಿನಗಳಲ್ಲೇ ಅವಳ ಫೋನು ಬಂದದ್ದು. ಮಧ್ಯೆ ನೂರು ವರ್ಷ ಇದೆ ಎಂದು ನನಗೆ ಅನ್ನಿಸಲೇ ಇಲ್ಲ. ಒಂದು ವ್ಯತ್ಯಾಸ ಕಂಡಿತು: ಅಂದು ದೊರೆ ಕೂಲಿಗೆ ಮುಂಗಡ ಕೊಡುತ್ತಿದ್ದ, ಇಂದು ಕೂಲಿಯೇ ಮುಂಗಡ ಕೊಟ್ಟು ಹೋಗಿ ಕಟ್ಟಿಹಾಕಿಸಿಕೊಳ್ಳುತ್ತಾಳೆ.

ಇಷ್ಟು ಹೇಳಿದರೆ ಸಿಟ್ಟಾಗುವವರಿದ್ದಾರೆ. ಚನ್ನರಾಯಪಟ್ಟಣದಲ್ಲಿ ನಮ್ಮ ಸಂಬಂಧಿಕರ ಮನೆಯ ಊಟದ ಪಂಕ್ತಿಯಲ್ಲೇ ಒಬ್ಬರು ರೇಗಿದರು. ವರ್ಷಕ್ಕೆ ಕೋಟಿ ದುಡಿಯುವ ಸಾಫ್ಟ್‌ವೇರಿನವನನ್ನು ಜೀತದಾಳು ಅಂತೀಯಲ್ಲ, ನಿನಗೆ ಹೊಟ್ಟೆಕಿಚ್ಚು ಅಂದರು. ಹೊಟ್ಟೆಕಿಚ್ಚು ಇರಬಹುದು, ಫೆಲೋಶಿಪ್ ಬಂದು ಏಳು ತಿಂಗಳಾಗಿದೆ. ಆದರೆ ಜೀತ ಎಂದು ನಾನು ಹೇಳಿಲ್ಲ. ಎಚ್-1ಬಿಯವನು ಹೊಡೆತ ತಿನ್ನುವುದಿಲ್ಲ. 2000ದ ಕಾನೂನಿನ ಪ್ರಕಾರ ಹೊಸ ಕಂಪನಿ ಅರ್ಜಿ ಹಾಕಿದ ಕೂಡಲೇ ಅಲ್ಲಿಗೆ ಬದಲಾಗಬಹುದು. ಇವೆಲ್ಲ ನಿಜ. ಆದರೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಒಮ್ಮೆ ತೆರೆದು ನೋಡಿ. ಮುಂಗಡ ಅಥವಾ ಸಾಲದ ಕಾರಣಕ್ಕೆ ಕಡಿಮೆ ಕೂಲಿಗೆ ದುಡಿಯುವುದನ್ನಷ್ಟೇ ಅದು ಜೀತ ಎಂದಿಲ್ಲ. ಬೇರೆ ಉದ್ಯೋಗ ಹಿಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದನ್ನೂ, ಓಡಾಡುವ ಹಕ್ಕನ್ನು ಕಳೆದುಕೊಳ್ಳುವುದನ್ನೂ ಸೇರಿಸಿದೆ. ಸ್ವಾತಂತ್ರ್ಯ ಎಷ್ಟು ಹೋದರೆ ಜೀತ ಎನ್ನುವುದು ವಕೀಲರ ಚರ್ಚೆ. ಅದು ಹೋಗುತ್ತಿದೆ ಎಂಬುದನ್ನೇ ನಾವು ಊಟದ ಪಂಕ್ತಿಯಲ್ಲಿ ಒಪ್ಪುವುದಿಲ್ಲವಲ್ಲ, ನನ್ನ ತಕರಾರು ಅಲ್ಲಿ.

ಗಲ್ಫಿನ ಕಫಾಲ ಪದ್ಧತಿಯನ್ನು ಜಗತ್ತೆಲ್ಲ ಬೈಯಿತು. ಕಫೀಲ್ ಅಂದರೂ ಸ್ಪಾನ್ಸರೇ. ಫುಟ್‌ಬಾಲ್ ವಿಶ್ವಕಪ್ಪಿನ ಒತ್ತಡದಲ್ಲಿ ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆ ಧಣಿಯ ಒಪ್ಪಿಗೆ ಬೇಕೆಂಬ ನಿಯಮ ತೆಗೆಯಿತು, ಕಾಗದದ ಮೇಲಾದರೂ. ಬೈದ ದೇಶಗಳು ತಮ್ಮ ಮನೆಯಲ್ಲಿರುವುದಕ್ಕೆ ಇಂಗ್ಲಿಷ್ ಹೆಸರಿಟ್ಟುಕೊಂಡು ಸುಮ್ಮನಿವೆ.

ಕಟ್ಟು ನಿಜಕ್ಕೂ ಬಿಗಿಯುವುದು ಗ್ರೀನ್ ಕಾರ್ಡಿನ ಸಾಲಿನಲ್ಲಿ. ಅಮೆರಿಕ ವರ್ಷಕ್ಕೆ ಉದ್ಯೋಗದ ಲೆಕ್ಕದಲ್ಲಿ ಕೊಡುವ ಕಾಯಂ ವಾಸದ ವೀಸಾ ಸುಮಾರು 1,40,000. ಹೆಂಡತಿ ಮಕ್ಕಳೂ ಅದರಲ್ಲೇ. ಒಂದು ದೇಶಕ್ಕೆ ನೂರಕ್ಕೆ ಏಳಕ್ಕಿಂತ ಹೆಚ್ಚು ಇಲ್ಲ ಎನ್ನುವುದು ಸಾಮಾನ್ಯ ನಿಯಮ. ನೂರ ನಲವತ್ತು ಕೋಟಿಯ ಭಾರತಕ್ಕೂ ನಾಲ್ಕು ಲಕ್ಷ ಜನರ ಐಸ್‌ಲೆಂಡಿಗೂ ಅದೇ ಏಳು. ಹತ್ತು ವರ್ಷಕ್ಕೂ ಹಿಂದೆ ಸಾಲಿನಲ್ಲಿ ನಿಂತವರ ಸರದಿ ಈಗ ಬರುತ್ತಿದೆ. ಆ ಅರ್ಜಿಯೂ ಕಂಪನಿಯದೇ. ಅಷ್ಟು ವರ್ಷ ಬಡ್ತಿ ಕೇಳಲು ಅಳುಕು, ಕೆಲಸ ಬಿಡಲು ಅಳುಕು, ಅಪ್ಪನ ಕೊನೆಗಾಲಕ್ಕೆ ಊರಿಗೆ ಬಂದರೆ ವಾಪಸ್ಸಾಗಲು ವೀಸಾ ಮುದ್ರೆ ಬೀಳುತ್ತದೋ ಇಲ್ಲವೋ ಎಂಬ ಅಳುಕು. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೋದವರು ಆ ಮಗುವಿಗೆ 21 ತುಂಬುವ ದಿನ ಎಣಿಸುತ್ತಿದ್ದಾರೆ. ಅಷ್ಟರೊಳಗೆ ಸರದಿ ಬರದಿದ್ದರೆ ಅಪ್ಪನ ವೀಸಾದ ನೆರಳು ಅದಕ್ಕಿಲ್ಲ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದು ಟ್ರಂಪ್ ಆದೇಶ ಹೊರಡಿಸಿದಾಗ, ರಜೆಗೆ ಊರಿಗೆ ಬಂದಿದ್ದವರು ಒಂದೇ ರಾತ್ರಿ ವಿಮಾನ ನಿಲ್ದಾಣಕ್ಕೆ ಓಡಿದ್ದು ನೆನಪಿರಬಹುದು. ಈಗಾಗಲೇ ವೀಸಾ ಇದ್ದವರಿಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ನಮ್ಮ ಟಿವಿಗಳು ಭಾರತಕ್ಕೆ ಅವಮಾನ ಎಂದು ಕೂಗಾಡಿದವು. ಒಬ್ಬ ಕೆಲಸಗಾರನ ಮೇಲೆ ಸುಮಾರು 88 ಲಕ್ಷ ಸುರಿದ ಧಣಿ ಅವನನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ ಎಂಬ ಪ್ರಶ್ನೆ ಎಲ್ಲೂ ಕೇಳಿಸಲಿಲ್ಲ.

ನಮ್ಮ ಸಾಹಿತ್ಯದಲ್ಲೂ ಕೇಳಿಸಿಲ್ಲ. ಹಾಸನ ಜಿಲ್ಲೆಗೂ ಅಮೆರಿಕಕ್ಕೂ ಹಳೆಯ ನಂಟು. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೇರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿಯ ದಂಡೆಯ ಮನುಷ್ಯ ಅಲ್ಲಿನ ರಸ್ತೆ, ಅಂಗಡಿ, ಜನರನ್ನು ಕಂಡು ಬೆರಗಾದ ಪ್ರವಾಸ ಕಥನ ಅದು. ಅವರು ಹೋದದ್ದು ಅತಿಥಿಯಾಗಿ, ವೀಸಾದ ಚಿಂತೆ ಇಲ್ಲದಿದ್ದರೆ ಅದು ಸಹಜ. ಅಮೆರಿಕದ 1965ರ ಕಾನೂನಿನ ಬಾಗಿಲಿಂದ ಹೋದ ಡಾಕ್ಟರು ಎಂಜಿನಿಯರುಗಳ ತಲೆಮಾರಿಗೂ ಇಷ್ಟುದ್ದದ ಸಾಲು ಇರಲಿಲ್ಲ. ಹಾಗಾಗಿ ಅವರ ಕತೆ ಕವಿತೆಗಳಲ್ಲಿ ಊರಿನ ಹಂಬಲ ಬಂತು, ಹಿಮ ಬಂತು, ಅಮ್ಮನ ಸಾರು ಬಂತು. ಈಗ ಬರೆಯುತ್ತಿರುವವರು ಎಚ್-1ಬಿಯವರು, ಎಚ್-4ರ ಮೇಲೆ ಹೋಗಿ ವರ್ಷಗಟ್ಟಲೆ ಮನೆಯಲ್ಲಿ ಕೂತ ವಿದ್ಯಾವಂತ ಹೆಣ್ಣುಮಕ್ಕಳು. ಅಂಥ ಕೆಲವು ಸಂಗಾತಿಗಳಿಗೆ ದುಡಿಯಲು ಅನುಮತಿ ಸಿಕ್ಕಿದ್ದೇ 2015ರಲ್ಲಿ. ಇವರ ಕತೆಗಳಲ್ಲೂ ಅದೇ ಹಿಮ, ಅದೇ ಸಾರು. ಅರವತ್ತು ದಿನದ ಕಾಗದ ಎಲ್ಲಿ? ಮ್ಯಾನೇಜರನ ಮುಂದೆ ನುಂಗಿಕೊಂಡ ಮಾತು ಎಲ್ಲಿ? ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಬಿಡಿ, ಅಲ್ಲಿ ಒಳಪುಟದ ಜಾಹೀರಾತೂ ಸ್ಪಾನ್ಸರನದೇ. ಬೇರೆಡೆಯಾದರೂ ಬರೆಯಬಹುದಲ್ಲ. ಧಣಿಯ ಹೆಸರು ಹೇಳದ ಹಂಬಲ ನನಗೆ ಅರ್ಧ ಸುಳ್ಳಿನ ಹಾಗೆ ಕಾಣುತ್ತದೆ.

ಬೇರೆ ದಾರಿಯೇ ಇಲ್ಲ ಎನ್ನುವವರಿಗೆ: ಇದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ, ಆಸ್ಟ್ರೇಲಿಯಾದ 189 ವೀಸಾ ಅಂಕದ ಮೇಲೆ ನಡೆಯುತ್ತವೆ, ಪರವಾನಗಿ ದುಡಿಯುವವನ ಜೇಬಿನಲ್ಲೇ ಇರುತ್ತದೆ. ಜರ್ಮನಿ 2024ರ ಜೂನಿನಿಂದ ಒಂದು ವರ್ಷದ ಕಾರ್ಡು ಕೊಡುತ್ತಿದೆ, ಮೊದಲು ಹೋಗಿ ಆಮೇಲೆ ಕೆಲಸ ಹುಡುಕಬಹುದು. ಅಲ್ಲೂ ಸುಖವೇನಲ್ಲ. ಧಣಿ ಬೈದರೆ ತಿರುಗಿ ಬೈಯಬಹುದು, ಅಷ್ಟೆ. ನನ್ನ ಪ್ರಕಾರ ಅಷ್ಟು ಸಾಕಷ್ಟು ದೊಡ್ಡದು.

ಪರದೇಶದ ಕಾನೂನು ನಾವು ತಿದ್ದಲಾರೆವು. ಆದರೆ ಹಾಸನದ ನರ್ಸಿಂಗ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಒಂದು ಮಧ್ಯಾಹ್ನ ಕೂರಿಸಿ ಸರ್ಟಿಫಿಕೇಟಿನ ನಿಜವಾದ ಬೆಲೆ ಎಷ್ಟು, ಸ್ಪಾನ್ಸರ್ ಲೈಸೆನ್ಸ್ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಎಲ್ಲರಿಗೂ ಕಾಣುವಂತೆ ಎಲ್ಲಿ ಹಾಕಿದೆ, ಏಜೆಂಟನ ನೋಂದಣಿಯನ್ನು ಇ-ಮೈಗ್ರೇಟ್‌ನಲ್ಲಿ ನೋಡುವುದು ಹೇಗೆ ಎಂದು ಹೇಳಲು ಯಾವ ದೇಶದ ಒಪ್ಪಿಗೆ ಬೇಕು? ಪಕ್ಕದ ಕೇರಳ ಹೊರದೇಶದ ನೇಮಕಾತಿಗೆಂದೇ 1977ರಲ್ಲಿ ಸರ್ಕಾರಿ ಸಂಸ್ಥೆ ತೆರೆಯಿತು. ನಮ್ಮಲ್ಲಿ ಕಾಲೇಜಿನ ಗೇಟಿನ ಎದುರೇ ಏಜೆಂಟನ ಫ್ಲೆಕ್ಸು, ವಾರ್ಷಿಕೋತ್ಸವದ ವೇದಿಕೆಯಲ್ಲಿ ಅವನಿಗೇ ಶಾಲು ಹಾರ. ಆ ಕಾರ್ಯಕ್ರಮದ ಸ್ಪಾನ್ಸರ್ ಯಾರು ಎಂದು ಬೇರೆ ಹೇಳಬೇಕೆ.

ಗೆಳತಿಗೆ ಐವತ್ತೊಂದನೆಯ ದಿನ ಇನ್ನೊಂದು ಊರಿನಲ್ಲಿ ಸ್ಪಾನ್ಸರ್ ಸಿಕ್ಕಿದ. ಈ ಬಾರಿ ಎಷ್ಟು ಕೊಟ್ಟಳು ಎಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಕಳೆದ ತಿಂಗಳು ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಯ ಹತ್ತಿರ ಅವಳ ಅಪ್ಪ ಸಿಕ್ಕಿದರು. ಟೀ ಕುಡಿಸಿದರು. ಬ್ಯಾರನ್ ಲೈಸೆನ್ಸ್ ನವೀಕರಣದ ಕಾಗದ ಕೈಯಲ್ಲಿತ್ತು. ಮಾತಿನ ಮಧ್ಯೆ ಕೇಳಿದರು, "ಅಲ್ಲ ಮಗ, ಇದು ನನ್ನ ಹೆಸರಲ್ಲೈತೆ, ಸೊಪ್ಪು ನಂದು, ಲೈಸೆನ್ಸೂ ನಂದೇ. ಅಲ್ಲಿ ದುಡಿಯೋಳು ಇವಳು, ಲೈಸೆನ್ಸ್ ಯಾಕೆ ಅವನ ಹೆಸರಲ್ಲಿರೋದು?"

ಅವರಿಗೆ ಎಲ್ಲ ಗೊತ್ತಿತ್ತು. ಮನೆಯಲ್ಲಿ ಹೇಳಬೇಡ ಎಂದು ಅವರೂ ನನಗೆ ಹೇಳಿದರು, ಹೆಂಡತಿಗೆ ಗೊತ್ತಾಗಬಾರದಂತೆ.