ಲಕ್ಷದ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುತ್ತದೆ: ಅದು ನಕಲಿಯೇ?

ಅಲ್ಯೂಮಿನಿಯಂ ಮೈಯ ಹೊಸ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಅದರ ಮೇಲೆ ಟೆಸ್ಟರ್ ಇಟ್ಟರೆ, ಒಳಗಿನ ಪುಟ್ಟ ಬಲ್ಬು ಕೆಂಪಗೆ ಉರಿಯುತ್ತದೆ. 'ಇದು ನಕಲಿ ಮಾಲು, ಮಕ್ಕಳ ಕೈಗೆ ಕೊಡಬೇಡಿ, ಎಲ್ಲ ಗ್ರೂಪಿಗೂ ಕಳುಹಿಸಿ' ಎಂಬ ಒಕ್ಕಣೆಯ ಸಂದೇಶ ನಿಮಗೂ ಬಂದಿರಬಹುದು. ಟೆಸ್ಟರ್ ಉರಿಯುವುದು ನಿಜ. ನಕಲಿ ಎಂಬ ತೀರ್ಮಾನ ಮಾತ್ರ ತಪ್ಪು.

ನಡೆಯುವುದು ಇಷ್ಟು. ಗೋಡೆಯ 230 ವೋಲ್ಟ್ ಎಸಿ ಕರೆಂಟನ್ನು ಚಾರ್ಜರ್ ಸುಮಾರು 20 ವೋಲ್ಟಿನ ಡಿಸಿಗೆ ಇಳಿಸುತ್ತದೆ. ಆಗ ಹುಟ್ಟುವ ವಿದ್ಯುತ್ ಗದ್ದಲವನ್ನು ತಡೆಯಲು ಒಳಗೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಅತ್ಯಲ್ಪ ಕರೆಂಟ್ ಲ್ಯಾಪ್‌ಟಾಪಿನ ಮೈಗೆ ಸೋರುತ್ತದೆ. ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಈ ಸೋರಿಕೆ ಮಿಲಿ ಆಂಪಿಯರಿನ ಒಂದು ಭಾಗವನ್ನಷ್ಟೇ ಮೀರದಂತಿರಬೇಕೆಂದು ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಹೇಳುತ್ತದೆ. ಮನೆಯ ಮೀಟರ್ ಪಕ್ಕದ ಆರ್‌ಸಿಸಿಬಿ ಸಾಮಾನ್ಯವಾಗಿ ಟ್ರಿಪ್ ಆಗುವುದು 30 ಮಿಲಿ ಆಂಪಿಯರ್ ಸೋರಿದಾಗ. ಹೋಲಿಸಿ ನೋಡಿ. ಟೆಸ್ಟರಿನ ನಿಯಾನ್ ಬಲ್ಬಿಗೆ ಮಾತ್ರ ಅಷ್ಟೂ ಬೇಕಿಲ್ಲ, ಅದಕ್ಕಿಂತ ಕಡಿಮೆಯಲ್ಲೇ ಉರಿಯುತ್ತದೆ. ಪ್ಲಾಸ್ಟಿಕ್ ಮೈಯ ಅಗ್ಗದ ಲ್ಯಾಪ್‌ಟಾಪಿನಲ್ಲೂ ಇದೇ ಸೋರಿಕೆ ಇದೆ, ಪ್ಲಾಸ್ಟಿಕ್ ಅದನ್ನು ಕೈಗೆ ತಾಗಲು ಬಿಡುವುದಿಲ್ಲ ಅಷ್ಟೆ.

ಹಾಗಾದರೆ ಮೂರು ಪಿನ್ನಿನ ಚಾರ್ಜರಿನಲ್ಲೂ ಜುಮ್ಮೆಂದರೆ? ಆಗ ಲ್ಯಾಪ್‌ಟಾಪನ್ನು ಬಿಟ್ಟು ಮನೆಯ ಅರ್ಥಿಂಗ್ ನೋಡಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಹಳಷ್ಟು ಮನೆಗಳು ನಿಂತಿರುವುದು ಮುರಕಲ್ಲಿನ ನೆಲದ ಮೇಲೆ. ಮಳೆಗಾಲದಲ್ಲಿ ನೀರುಂಡ ಈ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ. ಒಣ ಮಣ್ಣು ಕರೆಂಟನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ ಬೇಸಗೆಯಲ್ಲಿ ಒಂದೊಂದು ಕೊಡಪಾನ ನೀರು ಹೊಯ್ಯುತ್ತಿದ್ದ ಹಿರಿಯರ ಪದ್ಧತಿಯ ಹಿಂದೆ ಇರುವುದು ಇದೇ ವಿಜ್ಞಾನ. ಇನ್ನು ಮೂರು ಪಿನ್ನನ್ನು ಎರಡಾಗಿಸುವ ಕನ್ವರ್ಟರ್ ಸಿಕ್ಕಿಸಿದರೆ ಲಕ್ಷ ರೂಪಾಯಿಯ ಯಂತ್ರಕ್ಕೂ ಭೂಮಿಗೂ ಇದ್ದ ಸಂಬಂಧ ಹದಿನೈದು ರೂಪಾಯಿಯ ತುಂಡಿನಿಂದ ಕಡಿದುಹೋಯಿತು. ಜುಮ್ಮೆನ್ನುವುದನ್ನು ದಾಟಿ ಕೈ ಎಳೆದುಕೊಳ್ಳುವಷ್ಟು ಹೊಡೆದರೆ ಅದು ಬೇರೆಯೇ ಸಂಗತಿ. ಬೋರ್ಡಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಸಿಡಿಲಿನ ವಿಷಯದಲ್ಲಿ ಮಾತ್ರ ಅಜ್ಜಿಯ ಮಾತೇ ಸರಿ: ಗುಡುಗು ಕೇಳಿದರೆ ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಅದು ತುಂಡರಿಸುವುದು ಒಂದೇ ತಂತಿಯನ್ನು. ಹತ್ತಿರ ಬಿದ್ದ ಸಿಡಿಲನ್ನು ಸ್ಪೈಕ್ ಗಾರ್ಡ್ ತಡೆಯಲಾರದು. ಇಂಟರ್ನೆಟ್ ಕೇಬಲನ್ನು ಲ್ಯಾಪ್‌ಟಾಪಿಗೆ ನೇರ ಚುಚ್ಚಿದ್ದರೆ ಅದನ್ನೂ ಕೀಳಬೇಕು, ಇದನ್ನು ಮರೆಯುವವರೇ ಹೆಚ್ಚು.

ಇನ್ನು 'ಮಿಲಿಟರಿ ಗ್ರೇಡ್' ಎಂಬ ಮಾತು. ಜಾಹೀರಾತಿನ ಮೂಲೆಯಲ್ಲಿ ಕಾಣುವ ಮಿಲ್-ಎಸ್‌ಟಿಡಿ-810 ಎನ್ನುವುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಕಟ್ಟು. ಬೀಳಿಸುವುದು, ಅಲುಗಿಸುವುದು, ಬಿಸಿ, ತೇವ, ಧೂಳು ಹೀಗೆ ಹತ್ತಾರು ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕೆಂದು ಆರಿಸುವುದು ಕಂಪನಿಯೇ. ಪಾಸಾಯಿತೆಂದು ಸೈನ್ಯ ಪ್ರಮಾಣಪತ್ರ ಕೊಡುವುದಿಲ್ಲ. ಮಳೆಗೆ ನೆನೆದರೂ ಏನೂ ಆಗದು ಎಂಬ ಅರ್ಥವಂತೂ ಅದಕ್ಕಿಲ್ಲ.

ನಮ್ಮ ಕಡೆ ಮಳೆಯೇ ನಿಜವಾದ ಪರೀಕ್ಷೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ. ಆಟಿಯಲ್ಲಿ ಚಪ್ಪಲಿ, ಬೆಲ್ಟುಗಳಿಗೆಲ್ಲ ಬೂಷ್ಟು ಬರುವುದು ಗೊತ್ತೇ ಇದೆ. ಲ್ಯಾಪ್‌ಟಾಪಿನ ತಾಂತ್ರಿಕ ವಿವರ ತೆರೆದು ನೋಡಿ: ಆಪಲ್‌ನ ಮ್ಯಾಕ್‌ಬುಕ್‌ಗಳಿಗೆ ಗಾಳಿಯ ತೇವಾಂಶ ಶೇ. 90ರವರೆಗೆ ಇರಬಹುದು, ಆದರೆ ಹನಿ ಕಟ್ಟಬಾರದು ಎಂಬ ಷರತ್ತಿದೆ. ಜುಲೈ ತಿಂಗಳ ನಮ್ಮ ಬೆಳಗುಗಳು ಆ ಗೆರೆಯ ಆಸುಪಾಸಿನಲ್ಲೇ ಇರುತ್ತವೆ. ಎಸಿ ಇರುವ ಕಾಲೇಜು ಲ್ಯಾಬಿನಿಂದ ತಣ್ಣಗಿನ ಲೋಹದ ಲ್ಯಾಪ್‌ಟಾಪನ್ನು ಹೊರಗೆ ತಂದು ತೆರೆದರೆ ಅದರ ಮೇಲೆ ಹನಿ ಕಟ್ಟುತ್ತದೆ, ತಂಪು ನೀರಿನ ಲೋಟದ ಹೊರಮೈಯ ಹಾಗೆ. ಅರ್ಧ ಗಂಟೆ ಬ್ಯಾಗಿನಲ್ಲೇ ಬಿಟ್ಟು ಆಮೇಲೆ ತೆರೆಯಿರಿ.

'ಹಾಳಾಗಬಾರದೆಂದು' ತಿಂಗಳುಗಟ್ಟಲೆ ಕಪಾಟಿನಲ್ಲಿ ಸುತ್ತಿಡುವುದು ಮಳೆಗಾಲದಲ್ಲಿ ಅತಿ ಕೆಟ್ಟ ಜೋಪಾನ. ಚಾಲೂ ಇರುವ ಲ್ಯಾಪ್‌ಟಾಪ್ ಒಳಗೆ ಬೆಚ್ಚಗಿರುತ್ತದೆ, ಬೆಚ್ಚಗಿದ್ದಲ್ಲಿ ತೇವ ನಿಲ್ಲುವುದು ಕಷ್ಟ. ದಿನಕ್ಕೊಂದು ಗಂಟೆ ಬಳಸಿದರೂ ಉಪಕಾರವೇ. ಒದ್ದೆ ರೈನ್‌ಕೋಟನ್ನು ಅದೇ ಬ್ಯಾಗಿಗೆ ತುರುಕಬೇಡಿ. ಶೂ ಡಬ್ಬದಲ್ಲಿ ಬಂದ ಹಳೆಯ ಸಿಲಿಕಾ ಜೆಲ್ ಪೊಟ್ಟಣ ವರ್ಷದಿಂದ ಬ್ಯಾಗಿನಲ್ಲಿದ್ದರೆ ಅದು ಎಂದೋ ತುಂಬಿಹೋಗಿರುತ್ತದೆ.

ನೀರು ಬಿದ್ದರೆ ಅಕ್ಕಿ ಡಬ್ಬವಂತೆ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಎಂದು ಸಂದೇಶದಲ್ಲಿ ಹೇಳಿಲ್ಲ! ಯಾವುದಾದರೂ ಒಂದೇ. ಮುಚ್ಚಿದ ಯಂತ್ರದ ಒಳಗಿನ ನೀರನ್ನು ಅಕ್ಕಿ ಎಳೆದುಕೊಳ್ಳುವುದಿಲ್ಲ, ಅದರ ಪುಡಿ ರಂಧ್ರಗಳಿಗೆ ಸೇರುತ್ತದೆ. ಐಫೋನ್ ಒದ್ದೆಯಾದರೆ ಅಕ್ಕಿಯಲ್ಲಿಡಬೇಡಿ ಎಂದು ಆಪಲ್ ಸಂಸ್ಥೆಯೇ ತನ್ನ ಸಲಹೆಯಲ್ಲಿ ಹೇಳಿದ್ದು 2024ರಲ್ಲಿ ಸುದ್ದಿಯಾಗಿತ್ತು. ಕೆಡಿಸುವುದು ಬರೀ ನೀರಲ್ಲ. ನೀರು, ಅದರಲ್ಲಿನ ಲವಣ, ಬ್ಯಾಟರಿಯ ಕರೆಂಟ್ ಮೂರೂ ಸೇರಿದಾಗ ಬೋರ್ಡಿನ ತಾಮ್ರ ಗಂಟೆಗಳಲ್ಲೇ ತುಕ್ಕು ಹಿಡಿಯತೊಡಗುತ್ತದೆ. ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಡೇರೆಯ ಹಾಗೆ ಬೋರಲು ನಿಲ್ಲಿಸಿ. ಬ್ಯಾಟರಿ ಬಿಡಿಸಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡ್ ತೊಳೆಯಬಲ್ಲ ಟೆಕ್ನಿಷಿಯನ್ ಬಳಿಗೆ ಅದೇ ದಿನ ಒಯ್ಯಿರಿ. 'ಸರಿ ಇದೆಯೇ' ಎಂದು ಆನ್ ಮಾಡಿ ನೋಡಬೇಡಿ.

ಬ್ಯಾಟರಿಯ ಬಗ್ಗೆ ಸಂದೇಶಗಳು ಬಹಳ, ವಿಷಯ ಸ್ವಲ್ಪವೇ. ರಾತ್ರಿ ಚಾರ್ಜಿಗಿಟ್ಟರೆ ಸಿಡಿಯುತ್ತದೆ ಎನ್ನುವುದು ಉತ್ಪ್ರೇಕ್ಷೆ, ತುಂಬಿದ ಮೇಲೆ ಚಾರ್ಜಿಂಗ್ ತಾನಾಗಿ ನಿಲ್ಲುತ್ತದೆ. ಆದರೆ ಸೆಕೆಯಲ್ಲಿ ಸದಾ ಶೇ. 100ರಲ್ಲೇ ಇದ್ದರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಬಳಸಿ. ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಬೇಡಿ.

ಹೆಚ್ಚು ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಉಳಿಯಿತು. ಅಡಿಕೆ ಮಾರಿ ಬಂದ ಹಣದಲ್ಲೋ ಸಾಲದಲ್ಲೋ ಮಗಳಿಗೆ ಎಂಜಿನಿಯರಿಂಗಿಗೆಂದು ಕೊಡಿಸುವ ಮನೆಯವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಆ ಹೆಚ್ಚುವರಿ ಹಣಕ್ಕೆ ಒಳ್ಳೆಯ ಪರದೆ, ಗಟ್ಟಿ ತಿರುಗಣೆ, ಕಡಿಮೆ ತೂಕ, ಹೆಚ್ಚು ಹೊತ್ತು ಬರುವ ಬ್ಯಾಟರಿ ಸಿಗುತ್ತದೆ. ದಿನವೂ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಅರ್ಧ ಕಿಲೋ ಕಡಿಮೆಯಾದರೂ ದೊಡ್ಡ ಲಾಭ. ಆದರೆ ತೆಳ್ಳಗೆ ಮಾಡಲು ಹಲವು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮೂರು ವರ್ಷದ ಮೇಲೆ ಅದನ್ನು ಹೆಚ್ಚಿಸಲಾಗದು, ಕೆಟ್ಟರೆ ಇಡೀ ಬೋರ್ಡೇ ಬದಲು. ಊರಿನ ರಿಪೇರಿ ಅಂಗಡಿಯವರಿಗೂ ಅಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಅಧಿಕೃತ ಸೇವಾ ಕೇಂದ್ರ ಮಂಗಳೂರಿನಲ್ಲಿದ್ದರೆ ಬೆಳ್ತಂಗಡಿಯಿಂದ ಹೋಗಿ ಬರುವಾಗ ಒಂದು ದಿನ ಕಳೆಯಿತು.

ಆದ್ದರಿಂದ ಮೈ ಲೋಹದ್ದೇ ಎಂದು ಕೇಳುವ ಮೊದಲು ನಾವು ಕೇಳುವುದು ಇವನ್ನು: ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬದಲಿಸಬಹುದೇ, ಬ್ಯಾಟರಿ ಬದಲಿಸಲು ಎಷ್ಟು, ವಾರಂಟಿಯಲ್ಲಿ ಮನೆಗೆ ಬಂದು ರಿಪೇರಿ ಮಾಡುತ್ತಾರೆಯೇ, ನಮ್ಮ ಪಿನ್‌ಕೋಡಿಗೆ ಅದು ಅನ್ವಯಿಸುತ್ತದೆಯೇ. ಸಾಮಾನ್ಯ ವಾರಂಟಿ ನೀರು ಬಿದ್ದದ್ದಕ್ಕೆ ಅನ್ವಯಿಸುವುದಿಲ್ಲ, ಅದಕ್ಕೆ ಆಕಸ್ಮಿಕ ಹಾನಿಯ ಪ್ಲಾನನ್ನು ಬೇರೆಯೇ ಕೊಳ್ಳಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದೆ. ಕಂಪನಿಗಳು ದುರಸ್ತಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಒಂದೆಡೆ ಕೊಡಲಿ ಎಂಬುದು ಅದರ ಉದ್ದೇಶ. ಅಂಗಡಿಗೆ ಹೋಗುವ ಮುನ್ನ, ಕೊಳ್ಳಬೇಕೆಂದಿರುವ ಬ್ರಾಂಡ್ ಅಲ್ಲಿ ಏನು ಬರೆದಿದೆ ಎಂದು ಫೋನಿನಲ್ಲೇ ನೋಡಿಕೊಳ್ಳಬಹುದು.